ಕಾರಿನ ಕಣ್ಣಿಗೆ ಬಳೆ

ಗಾಡಿಗೆ ಕಟ್ಟುವ ದೀಪಕ್ಕೆ ಎರಡು ಕೆಲಸ. ಮುಂದಿನ ದಾರಿಯನ್ನು ನಮಗೆ ಕಾಣಿಸುವುದು ಒಂದು. ನಾವು ಬರುತ್ತಿದ್ದೇವೆಂದು ಬೇರೆಯವರಿಗೆ ಹೇಳುವುದು ಇನ್ನೊಂದು. ನಮ್ಮ ಕಡೆ ಎತ್ತಿನ ಗಾಡಿಯ ಅಡಿಯಲ್ಲಿ, ಎರಡು ಚಕ್ರಗಳ ನಡುವೆ, ಲಾಟೀನು ತೂಗುಹಾಕುತ್ತಿದ್ದರು. ಅದರ ಬೆಳಕಿನಲ್ಲಿ ಎತ್ತುಗಳಿಗೆ ದಾರಿ ಕಾಣುತ್ತದೆಂದು ಯಾರೂ ತಿಳಿದಿರಲಿಲ್ಲ. ಎತ್ತುಗಳಿಗೆ ದಾರಿ ಗೊತ್ತೇ ಇರುತ್ತಿತ್ತು. ಗಾಡಿ ಹೊಡೆಯುವವನಿಗೆ ನಿದ್ದೆ ಹತ್ತಿದರೂ ಅವು ಮನೆ ಸೇರುತ್ತಿದ್ದವು. ಲಾಟೀನು ಇದ್ದದ್ದು ಹಿಂದಿನಿಂದ ಬರುವ ಲಾರಿಯವನಿಗಾಗಿ. ಮೋಟಾರು ಬಂದ ಮೇಲೆ ಈ ಎರಡು ಕೆಲಸಗಳ ನಡುವೆ ಜಗಳ ಹುಟ್ಟಿತು. ದಾರಿ ಚೆನ್ನಾಗಿ ಕಾಣಲೆಂದು ದೀಪವನ್ನು ಜೋರು ಮಾಡಿದರೆ ಎದುರಿನವರಿಗೆ ಕಣ್ಣು ಕತ್ತಲೆ. ಕಾರಿನ ದೀಪಗಳ ನೂರು ಚಿಲ್ಲರೆ ವರ್ಷಗಳ ಚರಿತ್ರೆಯನ್ನು ಓದುತ್ತಾ ಹೋದಂತೆ, ಅದು ಬಹುಮಟ್ಟಿಗೆ ಈ ಜಗಳದ ಕಥೆಯೇ ಎಂದು ನನಗನಿಸಿದೆ.

ನನ್ನಂಥವಳು ಕಾರಿನ ದೀಪದ ಚರಿತ್ರೆ ಓದಿದ್ದೇಕೆ ಎಂದು ನೀವು ಕೇಳಬಹುದು. 2012ರಲ್ಲಿ ಮಗಳ ಬಾಣಂತನಕ್ಕೆಂದು ಅಮೆರಿಕದ ಮಿಶಿಗನ್ ರಾಜ್ಯಕ್ಕೆ ಹೋಗಿ ಆರು ತಿಂಗಳಿದ್ದೆ. ಮಗಳ ಮನೆ ಡೆಟ್ರಾಯಿಟ್ ನಗರದ ಹೊರವಲಯದಲ್ಲಿ. ಅಮೆರಿಕದ ಮೋಟಾರು ಉದ್ಯಮದ ತವರುಮನೆ ಅದು. ಅಲ್ಲಿ ಮನೆಗೊಂದು ಕಾರು ಎನ್ನುವುದಕ್ಕಿಂತ ಆಳಿಗೊಂದು ಕಾರು ಎನ್ನಬೇಕು. ಪಕ್ಕದ ಮನೆಯ ಹುಡುಗ ಸೆಕೆಂಡ್ ಹ್ಯಾಂಡಿನಲ್ಲಿ ಒಂದು ಫೋರ್ಡ್ ಮಸ್ಟಾಂಗ್ ಕೊಂಡಿದ್ದ. 2005ರ ಮಾದರಿ, ಎರಡೇ ಬಾಗಿಲಿನ ಸ್ಪೋರ್ಟ್ಸ್ ಕಾರು. ಒಂದು ಸಂಜೆ ನೋಡುತ್ತೇನೆ, ಅದರ ಎರಡು ಹೆಡ್‌ಲೈಟುಗಳ ಒಳಗೂ ಒಂದೊಂದು ಬಿಳಿ ಬೆಳಕಿನ ಉಂಗುರ ಹೊತ್ತಿಕೊಂಡಿದೆ!

“ಅದಕ್ಕೆ ಹ್ಯಾಲೋ ರಿಂಗ್ ಅಂತಾರಮ್ಮ. ಏಂಜೆಲ್ ಐಸ್ ಅಂತಲೂ ಅಂತಾರೆ” ಎಂದಳು ಮಗಳು.

ಹ್ಯಾಲೋ ಎಂದರೆ ಸಂತರ, ದೇವದೂತರ ತಲೆಯ ಸುತ್ತ ಚಿತ್ರಕಾರರು ಬರೆಯುವ ಪ್ರಭಾವಳಿ. ನನ್ನ ಕಣ್ಣಿಗೆ ಮಾತ್ರ ಅದು ಬಳೆಯ ಹಾಗೆ ಕಂಡಿತು. “ಈ ಬೆಳಕಿನಲ್ಲಿ ರಸ್ತೆ ಕಾಣುತ್ತೇನೇ?” ಎಂದು ಕೇಳಿದೆ. “ಇಲ್ಲಮ್ಮ, ಅದು ಬರೀ ಚೆಂದಕ್ಕೆ” ಎಂದು ನಕ್ಕಳು. ರಸ್ತೆ ಕಾಣಿಸದ ಹೆಡ್‌ಲೈಟಿಗೆ ಇಷ್ಟೊಂದು ಆಸೆಯೇಕೆ ಎಂಬ ಪ್ರಶ್ನೆ ತಲೆಯಲ್ಲಿ ಕೂತಿತು. ಮಗು ಮಲಗಿದ ಹೊತ್ತಿನಲ್ಲಿ ಓದಲು ಆ ಊರಿನ ಲೈಬ್ರರಿಯಿಂದ ಅಳಿಯಂದಿರು ತಂದುಕೊಟ್ಟ ಪುಸ್ತಕಗಳಲ್ಲಿ ಹುಡುಕಿದೆ. ಊರಿಗೆ ಬಂದ ಮೇಲೂ ಓದುವುದು ನಿಲ್ಲಲಿಲ್ಲ.

ಮೊದಲ ಮೋಟಾರು ಗಾಡಿಗೆ ದೀಪವೇ ಇರಲಿಲ್ಲ. ಅದರಲ್ಲಿ ಮೊದಲ ದೂರಪ್ರಯಾಣ ಮಾಡಿದವಳು ಹೆಂಗಸು ಎಂಬುದು ನಮಗೆಲ್ಲ ತಿಳಿದಿರಬೇಕಾದ ಸಂಗತಿ. ಜರ್ಮನಿಯ ಕಾರ್ಲ್ ಬೆಂಜ್ ಮೋಟಾರು ಗಾಡಿ ಮಾಡಿಟ್ಟುಕೊಂಡಿದ್ದರೂ ಜನ ಅದನ್ನು ನಂಬಿರಲಿಲ್ಲ. 1888ರ ಆಗಸ್ಟಿನಲ್ಲಿ ಅವನ ಹೆಂಡತಿ ಬರ್ತಾ ಬೆಂಜ್, ಗಂಡನಿಗೆ ಒಂದು ಮಾತೂ ಹೇಳದೆ, ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಮನ್‌ಹೈಮ್‌ನಿಂದ ತನ್ನ ತವರೂರಾದ ಫೋರ್ಟ್ಸ್‌ಹೈಮ್‌ಗೆ ಹೊರಟಳು. ನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ. ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಬಿಡಿಸಿದಳು. ವೀಸ್ಲೋಕ್ ಎಂಬ ಊರಿನ ಔಷಧಿ ಅಂಗಡಿಯಲ್ಲಿ ಇಂಧನ ಕೊಂಡಳು. ಕತ್ತಲಾಗುವುದರೊಳಗೆ ಊರು ಮುಟ್ಟಬೇಕೆಂಬ ಆತಂಕ ಅವಳಿಗೆ ಎಷ್ಟಿತ್ತೋ! ಮುಟ್ಟಿದ ಮೇಲೆ ಗಂಡನಿಗೆ ತಂತಿ ಕೊಟ್ಟಳಂತೆ. ಹೊತ್ತು ಮುಳುಗುವುದರೊಳಗೆ ಮನೆ ಸೇರಬೇಕೆಂಬ ಆ ಲೆಕ್ಕಾಚಾರ ನಮಗೂ ಹೊಸತಲ್ಲ. ಅದರ ಮಾತು ಮುಂದೆ ಬರುತ್ತದೆ.

ಮೊದಮೊದಲು ಕುದುರೆ ಸಾರೋಟಿನ ಮೇಣದ ದೀಪ, ಎಣ್ಣೆ ದೀಪಗಳನ್ನೇ ಕಾರಿಗೂ ಕಟ್ಟಿದರು. ಗಾಳಿಗೆ ಅವು ನಿಲ್ಲುತ್ತಿರಲಿಲ್ಲ. ಆಮೇಲೆ ಬಂದದ್ದು ಅಸಿಟಲೀನ್ ದೀಪ. ಜಾತ್ರೆಗಳಲ್ಲಿ ಬಳೆ ಅಂಗಡಿ, ಮಿಠಾಯಿ ಅಂಗಡಿಗಳ ಮುಂದೆ ಉರಿಯುತ್ತಿದ್ದ ಗ್ಯಾಸ್‌ಲೈಟು ನಿಮ್ಮಲ್ಲಿ ಹಿರಿಯರಿಗೆ ನೆನಪಿದ್ದೀತು. ಕಾರ್ಬೈಡಿನ ಆ ಘಾಟು ವಾಸನೆಯಂತೂ ಮರೆಯುವಂಥದ್ದಲ್ಲ. ಕಾರಿನ ದೀಪವೂ ಅದೇ ಜಾತಿಯದು. ಒಂದು ಡಬ್ಬಿಯಲ್ಲಿ ಕಾರ್ಬೈಡು, ಮೇಲೊಂದು ಡಬ್ಬಿಯಲ್ಲಿ ನೀರು. ನೀರು ತೊಟ್ಟಿಕ್ಕಿದ ಹಾಗೆ ಗ್ಯಾಸ್ ಎದ್ದು ಉರಿಯುತ್ತದೆ. ಹಿಂದಿನ ಕನ್ನಡಿ ಅದರ ಬೆಳಕನ್ನು ಮುಂದಕ್ಕೆ ತಳ್ಳುತ್ತದೆ. ಹೊರಡುವ ಮುಂಚೆ ಇಳಿದು ಒಂದೊಂದಕ್ಕೂ ಕಡ್ಡಿ ಗೀರಬೇಕು. ಉಳಿದ ಸುಣ್ಣದ ರಾಡಿಯನ್ನು ಆಮೇಲೆ ತೊಳೆಯಬೇಕು. ಲಾಟೀನಿನ ಗಾಜು ಒರೆಸುತ್ತಾ ಬೆಳೆದ ನನಗೆ ಈ ಕೆಲಸದ ಕಷ್ಟ ಯಾರೂ ವಿವರಿಸಬೇಕಾಗಿಲ್ಲ.

ಈ ದೀಪಗಳ ಕಾಲದಲ್ಲೇ ಜರ್ಮನಿಯ ಲಿಪ್‌ಸ್ಟಾಟ್ ಎಂಬ ಊರಿನಲ್ಲಿ ಸ್ಯಾಲಿ ವಿಂಡ್‌ಮ್ಯುಲರ್ ಎಂಬ ಉದ್ಯಮಿ 1899ರಲ್ಲಿ ಸಾರೋಟು, ಸೈಕಲ್ಲು, ಕಾರುಗಳ ದೀಪ ಮತ್ತು ಹಾರನ್ನುಗಳ ಕಾರ್ಖಾನೆ ಹಾಕಿದ. 1908ರಲ್ಲಿ ಅವನ ಕಂಪನಿ ತನ್ನ ಅಸಿಟಲೀನ್ ದೀಪಕ್ಕೆ ‘ಹೆಲ್ಲಾ’ ಎಂದು ಹೆಸರಿಟ್ಟಿತು. ಅವನ ಹೆಂಡತಿಯ ಹೆಸರು ಹೆಲೆನ್. ಹೆಲ್ಲಾ ಎಂಬುದು ಅದರ ಮುದ್ದು ರೂಪ ಎನ್ನುತ್ತಾರೆ. ಜರ್ಮನ್ ಭಾಷೆಯಲ್ಲಿ ‘ಹೆಲ್’ ಎಂದರೆ ಬೆಳಕುಳ್ಳದ್ದು, ಪ್ರಕಾಶವಾದದ್ದು. ಹೆಂಡತಿಯ ಹೆಸರಿನಲ್ಲೇ ಬೆಳಕಿದೆ ಎಂದು ಕಂಡುಕೊಂಡ ಗಂಡ! ಈ ಕಂಪನಿಯ ಹೆಸರನ್ನು ನೆನಪಿಟ್ಟುಕೊಳ್ಳಿ, ಉಂಗುರದ ಕಥೆಯಲ್ಲಿ ಮತ್ತೆ ಬೇಕಾಗುತ್ತದೆ.

1912ರಲ್ಲಿ ಡೆಟ್ರಾಯಿಟ್‌ನ ಕ್ಯಾಡಿಲ್ಯಾಕ್ ಕಂಪನಿ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ವ್ಯವಸ್ಥೆಯನ್ನು ತನ್ನ ಕಾರಿಗೆ ಅಳವಡಿಸಿತು. ಕಾರಿನೊಳಗೇ ಬ್ಯಾಟರಿ, ಅದಕ್ಕೆ ವಿದ್ಯುತ್ ತುಂಬುವ ಯಂತ್ರ, ಎಂಜಿನ್ ತಿರುಗಿಸುವ ಸ್ಟಾರ್ಟರ್, ದೀಪ, ಎಲ್ಲವೂ ಒಂದೇ ಕಟ್ಟಿನಲ್ಲಿ ಬಂದವು. ಅಲ್ಲಿಯವರೆಗೆ ಕಾರಿನ ಮುಂದೆ ನಿಂತು ಕಬ್ಬಿಣದ ಹ್ಯಾಂಡಲ್ ತಿರುಗಿಸಿಯೇ ಎಂಜಿನ್ ಶುರು ಮಾಡಬೇಕಿತ್ತು. ಅದು ಹಿಂದಕ್ಕೆ ಒದ್ದರೆ ಕೈಮೂಳೆ ಮುರಿಯುತ್ತಿತ್ತು. ಹ್ಯಾಂಡಲ್ ಹೋಗಿ ಗುಂಡಿ ಬಂದದ್ದರಿಂದ ಕಾರು ಓಡಿಸುವುದು ಹೆಂಗಸರಿಗೆ ಎಷ್ಟೋ ಸುಲಭವಾಯಿತು. ಅದೇ ಬ್ಯಾಟರಿಯಿಂದ ದೀಪವೂ ಹೊತ್ತಿ, ಕತ್ತಲಿನಲ್ಲೂ ಹೊರಡಬಹುದೆಂಬ ಧೈರ್ಯ ಬಂತು.

ಬೆಳಕು ಹೆಚ್ಚಿದ ಕೂಡಲೇ ನಾನು ಹೇಳಿದ ಜಗಳ ಶುರುವಾಯಿತು. ಎದುರು ಬರುವವರ ಕಣ್ಣಿಗೆ ಹೊಡೆಯದಂತೆ ದೀಪವನ್ನು ಬಗ್ಗಿಸುವ ಉಪಾಯಗಳು 1915ರಿಂದಲೇ ಬಂದವು. ಮೊದಲಿಗೆ ಕಾರು ನಿಲ್ಲಿಸಿ, ಇಳಿದು, ಕೈಯಿಂದ ದೀಪ ಬಗ್ಗಿಸಬೇಕಿತ್ತು. 1917ರಲ್ಲಿ ಕ್ಯಾಡಿಲ್ಯಾಕ್ ಕಾರಿನ ಒಳಗೇ ಒಂದು ಸನ್ನೆ ಕೊಟ್ಟಿತು. 1924ರಲ್ಲಿ ಜರ್ಮನಿಯ ಓಸ್ರಾಮ್ ಕಂಪನಿ ಒಂದೇ ಬಲ್ಬಿನೊಳಗೆ ಎರಡು ತಂತಿಗಳನ್ನಿಟ್ಟಿತು: ಒಂದು ದೂರಕ್ಕೆ, ಇನ್ನೊಂದು ಹತ್ತಿರಕ್ಕೆ. ನಾವು ಡಿಮ್ಮು, ಡಿಪ್ಪು ಎನ್ನುವುದೆಲ್ಲ ಇದರ ಸಂತಾನ. ರಾತ್ರಿ ಬಸ್ಸಿನಲ್ಲಿ ಶಿರಾಡಿ ಘಾಟಿ ಇಳಿಯುವಾಗ ಮುಂದಿನ ಸೀಟು ಸಿಕ್ಕರೆ ನಾನು ನಿದ್ದೆ ಮಾಡುತ್ತಿರಲಿಲ್ಲ. ತಿರುವಿನಲ್ಲಿ ಎದುರು ಲಾರಿ ಕಂಡ ಕೂಡಲೇ ನಮ್ಮ ಡ್ರೈವರು ಡಿಪ್ ಮಾಡುವರು; ಅವನೂ ಡಿಪ್ ಮಾಡುವನು. ಹೆಸರು ಗೊತ್ತಿಲ್ಲ, ಮುಖ ಕಾಣುವುದಿಲ್ಲ, ಆದರೂ ಪರಸ್ಪರ ನಮಸ್ಕಾರವಾಯಿತು. ಲಾರಿಗಳ ಹಿಂದೆ ರಾತ್ರಿ ಡಿಪ್ಪರ್ ಬಳಸಿ ಎಂದು ಬರೆಸಿರುತ್ತಿದ್ದುದೂ, ಹೆಡ್‌ಲೈಟಿನ ಗಾಜಿಗೆ ಕಪ್ಪು ಬಣ್ಣ ಬಳಿಸುತ್ತಿದ್ದುದೂ ಇದೇ ಮರ್ಯಾದೆಗಾಗಿ.

ಅಮೆರಿಕದವರು 1940ರಲ್ಲಿ ಇನ್ನೊಂದು ಹೆಜ್ಜೆ ಇಟ್ಟರು. ಎಲ್ಲ ಕಾರಿಗೂ ಏಳು ಇಂಚಿನ ದುಂಡನೆಯ, ಬಲ್ಬು ಕನ್ನಡಿ ಗಾಜು ಎಲ್ಲ ಸೇರಿಸಿ ಮುಚ್ಚಿದ ಒಂದೇ ನಮೂನೆಯ ದೀಪ ಇರಬೇಕೆಂದು ಗೊತ್ತು ಮಾಡಿದರು. ಕೆಟ್ಟರೆ ಯಾವ ಊರಿನ ಅಂಗಡಿಯಲ್ಲಾದರೂ ಸಿಗಬೇಕು ಎಂಬುದು ಉದ್ದೇಶ. ನಮ್ಮ ಅಂಬಾಸಡರಿನ ದುಂಡು ಕಣ್ಣನ್ನು ನೆನೆಸಿಕೊಂಡರೆ ಆ ಚಹರೆ ನಿಮಗೆ ಹೊಳೆಯುತ್ತದೆ. 1957-58ರಲ್ಲಿ ನಾಲ್ಕು ಚಿಕ್ಕ ದೀಪಗಳಿಗೂ, 1975ರಲ್ಲಿ ಚೌಕದ ದೀಪಗಳಿಗೂ ಒಪ್ಪಿಗೆ ಸಿಕ್ಕಿತು. ಆದರೂ 1983ರವರೆಗೆ ಅಲ್ಲಿಯ ಸಿರಿವಂತನ ಕಾರಿಗೂ ಬಡವನ ಕಾರಿಗೂ ಅಂಗಡಿಯಲ್ಲಿ ಸಿಗುವ ಅದೇ ಕಣ್ಣು, ಶಾಲೆಯ ಸಮವಸ್ತ್ರದ ಹಾಗೆ. ಆ ನಿಯಮ ಸಡಿಲವಾದ ಮೇಲೆ, 1984ರ ಲಿಂಕನ್ ಕಾರಿನಿಂದ ಮೊದಲುಗೊಂಡು, ಪ್ರತಿ ಕಾರಿಗೂ ತನ್ನದೇ ಆಕಾರದ ಹೆಡ್‌ಲೈಟು ಬಂತು. ದೀಪ ಕಾರಿನ ಮುಖವಾಯಿತು. ಮುಖ ಎಂದ ಮೇಲೆ ಅಲಂಕಾರ ಬೇಡವೇ?

ಅಲಂಕಾರ ಬಂದದ್ದು ಜರ್ಮನಿಯಿಂದ. ಬಿಎಂಡಬ್ಲ್ಯು ಕಾರುಗಳಿಗೆ 1960ರ ದಶಕದ ಕೊನೆಯಿಂದಲೂ ನಾಲ್ಕು ದುಂಡು ದೀಪಗಳ ಗುರುತು. ಕಾಲ ಬದಲಾಗಿ ದೀಪಗಳ ಮೇಲೆ ಒಂದೇ ಪಾರದರ್ಶಕ ಹೊದಿಕೆ ಬಂದಾಗ ಆ ದುಂಡುತನ ಮರೆಯಾಗತೊಡಗಿತು. 2000ದಲ್ಲಿ ತನ್ನ ಐದನೇ ಸರಣಿಯ ಕಾರನ್ನು ತಿದ್ದಿದಾಗ, ಪ್ರತಿ ದೀಪದ ಸುತ್ತ ಒಂದೊಂದು ಬೆಳಕಿನ ಉಂಗುರ ಇಟ್ಟರು. ಅದನ್ನು ಮಾಡಿಕೊಟ್ಟದ್ದು ಅದೇ ಹೆಲ್ಲಾ ಕಂಪನಿ. ಕತ್ತಲಲ್ಲಿ ದೂರದಿಂದಲೇ ಇದು ಯಾವ ಕಾರೆಂದು ತಿಳಿಯುವಂತಾಯಿತು. ಜನ ಅದಕ್ಕೆ ದೇವದೂತರ ಕಣ್ಣು ಎಂದು ಹೆಸರಿಟ್ಟರು.

ಉಂಗುರದೊಳಗೆ ಉರಿಯುವುದೇನು ಎಂದು ನನಗೆ ಬಹಳ ದಿನ ಕುತೂಹಲವಿತ್ತು. ಆ ಮೊದಲ ಉಂಗುರದಲ್ಲಿ ಏನೂ ಉರಿಯುವುದಿಲ್ಲ! ಬಲ್ಬು ಬೇರೆಡೆ ಇರುತ್ತದೆ. ಅದರ ಬೆಳಕನ್ನು ಪಾರದರ್ಶಕ ಪ್ಲಾಸ್ಟಿಕ್ಕಿನ ಉಂಗುರದ ಒಳಗೆ ಹರಿಸುತ್ತಾರೆ. ಬೆಳಕು ಒಳಗಿನ ಗೋಡೆಗೆ ತಾಗಿ ತಾಗಿ ಹಿಂತಿರುಗುತ್ತಾ ಕೊಳವೆಯ ನೀರಿನಂತೆ ಸುತ್ತು ಹೋಗುತ್ತದೆ. ಉಂಗುರದ ಹಿಂಬದಿಯಲ್ಲಿ ಸಣ್ಣ ಸಣ್ಣ ಕಚ್ಚು ಮಾಡಿರುತ್ತಾರೆ; ಅಲ್ಲಿ ಬೆಳಕು ಹೊರಗೆ ಚೆಲ್ಲುತ್ತದೆ. ಇದರ ಮೂಲ ತತ್ವವನ್ನು ಜಿನೀವಾದ ಡೇನಿಯಲ್ ಕೊಲಾಡಾನ್ ಎಂಬ ವಿಜ್ಞಾನಿ 1840ರ ದಶಕದ ಆರಂಭದಲ್ಲೇ ತೋರಿಸಿದ್ದ. ತೊಟ್ಟಿಯ ತೂತಿನಿಂದ ಬಾಗಿ ಬೀಳುವ ನೀರಿನ ಧಾರೆಯೊಳಗೆ ಬೆಳಕು ಬಿಟ್ಟರೆ, ಬೆಳಕೂ ಧಾರೆಯ ಜೊತೆ ಬಾಗಿ ಇಳಿಯುತ್ತದೆ. ಕಾರಂಜಿಯ ಚೆಂದಕ್ಕೂ ಕಾರಿನ ಬಳೆಗೂ ಒಂದೇ ಗುಟ್ಟು.

ದುಬಾರಿ ಕಾರಿನಲ್ಲಿ ಕಂಡದ್ದು ನಮ್ಮ ಕಾರಿಗೂ ಬೇಕೆಂಬ ಆಸೆ ಹುಡುಗರಿಗೆ ಹುಟ್ಟದೆ ಇರುತ್ತದೆಯೇ? 2001ರಲ್ಲಿ ಬಂದ ‘ದಿ ಫಾಸ್ಟ್ ಅಂಡ್ ದಿ ಫ್ಯೂರಿಯಸ್’ ಸಿನಿಮಾ ಕಾರು ಸಿಂಗರಿಸುವ ಹುಚ್ಚನ್ನು ಇಮ್ಮಡಿಸಿತು. ಕಂಪನಿಯ ಕಾರಿಗೆ ಹೊರಗಿನವರು ಮಾಡಿ ಮಾರುವ ಬಿಡಿಭಾಗಗಳ ದೊಡ್ಡ ಮಾರುಕಟ್ಟೆಯೇ ಇದೆ. ತೈವಾನಿನ ಕಾರ್ಖಾನೆಗಳಿಂದ ಹೇರಳವಾಗಿ ದೀಪಗಳು ಬರುತ್ತವೆ. ಹೊರಗಿನ ಉಂಗುರಗಳಲ್ಲಿ ಮೊದಲು ಹೆಚ್ಚು ಬಳಕೆಯಲ್ಲಿದ್ದದ್ದು ಬಳೆಯಂತೆ ಬಾಗಿಸಿದ ಸಣ್ಣ ಗಾಜಿನ ಕೊಳವೆ, ನಮ್ಮ ಟ್ಯೂಬ್‌ಲೈಟಿನ ಮರಿ. ಬೆಳಕು ಮೃದು, ಆದರೆ ಗಾಜಿನ ಬಳೆಯಂತೆಯೇ ಒಡೆಯುವ ಭಯ. ಆಮೇಲೆ ಎಲ್‌ಇಡಿ ಉಂಗುರಗಳು ಬಂದವು. ಹೆಚ್ಚು ಬೆಳಕು, ಹೆಚ್ಚು ಬಾಳಿಕೆ, ಬೇಕಾದ ಬಣ್ಣ.

ಉಂಗುರ ಕೂರಿಸುವ ವಿಧಾನವನ್ನಂತೂ ನಾನು ಕಣ್ಣಾರೆ ಕಂಡೆ. ಹೆಡ್‌ಲೈಟಿನ ಮುಂಭಾಗದ ಹೊದಿಕೆಯನ್ನು ಅಂಟಿನಿಂದ ಕೂಡಿಸಿರುತ್ತಾರೆ. ಅದನ್ನು ಬಿಡಿಸಲು ಅಂಟು ಮೆತ್ತಗಾಗಬೇಕು. ಮೆತ್ತಗಾಗಲು ಕಾವು ಬೇಕು. ಅದಕ್ಕೆ ಅಲ್ಲಿಯ ಹುಡುಗರು ಹಿಡಿದ ದಾರಿ ಅಡುಗೆಮನೆಯ ಓವನ್! ಬಲ್ಬು, ಸ್ಕ್ರೂ ಎಲ್ಲ ಬಿಚ್ಚಿ, ಹೆಡ್‌ಲೈಟನ್ನು ಓವನ್ನಿನಲ್ಲಿಟ್ಟು, ಹದವಾದ ಉರಿಯಲ್ಲಿ ಹತ್ತು ನಿಮಿಷ ಕಾಯಿಸುತ್ತಾರೆ. ಕಾವು ಕಮ್ಮಿಯಾದರೆ ಅಂಟು ಬಿಡದು, ಹೆಚ್ಚಾದರೆ ಪ್ಲಾಸ್ಟಿಕ್ಕೇ ಸೊಟ್ಟಗಾದೀತು, ಮೈಸೂರುಪಾಕಿನ ಹದವೇ. ಪಕ್ಕದ ಮನೆಯ ಆ ಹುಡುಗನ ತಾಯಿ ನನ್ನನ್ನು ಕರೆದು ತೋರಿಸಿದರು. “ಕಳೆದ ಭಾನುವಾರ ಇದರಲ್ಲೇ ಕೇಕು ಮಾಡಿದ್ದೆ, ಈಗ ನೋಡಿ” ಎಂದು ಹಣೆ ಚಚ್ಚಿಕೊಂಡರು. ಹುಡುಗ ಕೈಗೆ ಗ್ಲೌಸು ಹಾಕಿಕೊಂಡು, ಹಸುಳೆಯನ್ನು ಎತ್ತಿದಷ್ಟು ಜೋಪಾನವಾಗಿ ದೀಪವನ್ನು ಹೊರತೆಗೆದ. ಆ ತಾಯಿ ಎಷ್ಟೇ ಗೊಣಗಿದರೂ ಮಗನ ಕೈಚಳಕವನ್ನು ನೋಡುವಾಗ ಅವರ ಮುಖದಲ್ಲಿದ್ದದ್ದು ಹೆಮ್ಮೆಯೇ. ಅವನೊಂದು ವ್ಯಸನಕ್ಕೆ ಬಿದ್ದಿದ್ದಾನೆ ಎಂದು ಅಂದುಕೊಂಡಿದ್ದವಳಿಗೆ, ಅದೊಂದು ಕಸೂತಿ ಕೆಲಸ ಎನಿಸಿತು.

ಆ ಆಗಸ್ಟಿನಲ್ಲಿ ಅಳಿಯಂದಿರು ನಮ್ಮನ್ನು ವುಡ್‌ವರ್ಡ್ ರಸ್ತೆಗೆ ಕರೆದೊಯ್ದರು. 1909ರಲ್ಲಿ ಅಮೆರಿಕದ ಮೊದಲ ಒಂದು ಮೈಲಿ ಕಾಂಕ್ರೀಟ್ ಹೆದ್ದಾರಿ ಹಾಕಿದ್ದು ಈ ರಸ್ತೆಯಲ್ಲೇ. 1995ರಿಂದ ಇಲ್ಲಿ ‘ಡ್ರೀಮ್ ಕ್ರೂಸ್’ ಎಂಬ ಕಾರುಗಳ ಜಾತ್ರೆ ನಡೆಯುತ್ತಾ ಬಂದಿದೆ. ತೇರು ನೋಡಲು ಕೂತಂತೆ ಜನ ರಸ್ತೆಯ ಎರಡೂ ಬದಿಗೆ ಕುರ್ಚಿ ಹಾಕಿ ಕೂತಿದ್ದರು. ಅಜ್ಜನ ಕಾಲದ ಕಾರುಗಳ ನಡುನಡುವೆ ಕಣ್ಣಿಗೆ ಬಳೆ ತೊಟ್ಟ ಹೊಸ ಕಾರುಗಳೂ ಹೋದವು. ಅವುಗಳ ಬೆಳಕು ಯಾರ ಕಣ್ಣಿಗೂ ಚುಚ್ಚಲಿಲ್ಲ. ನೋಡಿ, ನಾನು ಬಂದೆ ಎನ್ನುವಷ್ಟೇ ಅದರ ಮಾತು. ಹಗಲಿನಲ್ಲೂ ದೀಪ ಹಚ್ಚಿ ಓಡಿಸಬೇಕೆಂದು ಸ್ವೀಡನ್ 1977ರಲ್ಲೇ ಕಾನೂನು ಮಾಡಿದ್ದೂ ಇದೇ ಕಾರಣಕ್ಕೆ: ಕಾಣಲು ಅಲ್ಲ, ಕಾಣಿಸಿಕೊಳ್ಳಲು.

ಹಾಗಿದ್ದರೆ ಕೇಡು ಎಲ್ಲಿಂದ ಬರುತ್ತದೆ? ಬಳೆಯಿಂದಲ್ಲ, ಬಳೆಯ ಜೊತೆಗೆ ಬರುವ ಕಣ್ಣಿನಿಂದ. ಉಂಗುರ ಬೇಕೆಂದವರು ಎಷ್ಟೋ ಸಲ ಹೆಡ್‌ಲೈಟನ್ನೇ ಇಡಿಯಾಗಿ ಬದಲಿಸುತ್ತಾರೆ. ಅಗ್ಗದ ಮಾಲಿನಲ್ಲಿ ಬೆಳಕಿನ ಅಂಚು ನೆಟ್ಟಗಿರುವುದಿಲ್ಲ. ಹಳೆಯ ಬಲ್ಬಿಗೆಂದು ಮಾಡಿದ ಕನ್ನಡಿಯಲ್ಲಿ ಎಲ್‌ಇಡಿ ಅಥವಾ ಜೆನಾನ್ ಬಲ್ಬು ತುರುಕಿದರೆ ಬೆಳಕು ರಸ್ತೆಗೆ ಇಳಿಯದೆ ಎಲ್ಲೆಂದರಲ್ಲಿ ಚೆಲ್ಲುತ್ತದೆ. ಅಮೆರಿಕದಲ್ಲಿ ದೀಪದ ಮೇಲಿರುವ ಮುದ್ರೆ ಮಾಡಿದವರೇ ಒತ್ತಿಕೊಳ್ಳುವಂಥದ್ದು. ಮಾರುವ ಮುಂಚೆ ಸರ್ಕಾರ ಪರೀಕ್ಷಿಸಿ ಕೊಟ್ಟದ್ದಲ್ಲ. ಇನ್ನೊಂದು ಸಂಗತಿ ನಮಗೆ ಮುಖ್ಯ. ಅವರದು ಬಲಬದಿಯ ಸಂಚಾರ, ನಮ್ಮದು ಎಡಬದಿಯದು. ಡಿಪ್ ಮಾಡಿದ ಬೆಳಕು ರಸ್ತೆಯ ಅಂಚಿನ ಕಡೆಗೆ ಸ್ವಲ್ಪ ಮೇಲೇಳುವಂತೆ ಮಾಡಿರುತ್ತಾರೆ. ಅಲ್ಲಿಯ ದೀಪವನ್ನು ತಂದು ಇಲ್ಲಿಯ ಕಾರಿಗೆ ಹಾಕಿದರೆ ಆ ಬೆಳಕು ಏಳುವುದು ಸರಿಯಾಗಿ ಎದುರು ಬರುವವರ ಕಣ್ಣಿಗೆ.

ಆ ಎದುರು ಬರುವವರು ಯಾರು? ನಮ್ಮಂಥ ಊರುಗಳಲ್ಲಿ ಬಹಳ ಸಲ ಅದು ಸ್ಕೂಟರಿನ ಮೇಲಿರುವ ಹೆಂಗಸು. ನಾನು ಇಪ್ಪತ್ತು ವರ್ಷಕ್ಕೂ ಮಿಕ್ಕಿ ಸ್ಕೂಟರ್ ಓಡಿಸಿದವಳು. ಸಂಗೀತ ಕಛೇರಿ, ಮದುವೆಯ ಆರತಕ್ಷತೆ, ಗೆಳತಿಯ ಮನೆ, ಎಲ್ಲಿಗೂ ಯಾರನ್ನೂ ಕಾಯದೆ ಹೋಗಿ ಬಂದವಳು. ಈಗ ಸಂಜೆ ಏಳರ ಮೇಲೆ ಗಾಡಿ ತೆಗೆಯುವುದಿಲ್ಲ. ವಯಸ್ಸಾದಂತೆ ಕಣ್ಣೊಳಗಿನ ಮಸೂರ ಮಂಜಾಗುತ್ತದೆ, ಜೋರು ಬೆಳಕು ಬಿದ್ದ ಮೇಲೆ ದೃಷ್ಟಿ ಮರಳಲು ಹೆಚ್ಚು ಹೊತ್ತು ಬೇಕಾಗುತ್ತದೆ ಎಂದು ಕಣ್ಣಿನ ಡಾಕ್ಟರು ವಿವರಿಸಿದರು. ಆ ಕೆಲವು ಕ್ಷಣ ಮುಂದೆ ಹಳ್ಳವಿದೆಯೋ ಹಸು ಮಲಗಿದೆಯೋ ತಿಳಿಯದು. ನಮ್ಮ ಮಹಿಳಾ ಸಮಾಜದಲ್ಲಿ ಈ ಮಾತೆತ್ತಿದಾಗ ಐವತ್ತು ದಾಟಿದ ಬಹುಪಾಲು ಎಲ್ಲರದೂ ಇದೇ ಕಥೆ. ಕೊನೆಗೆ ಸಮಾಜದ ಕಾರ್ಯಕ್ರಮಗಳನ್ನೇ ಮಧ್ಯಾಹ್ನ ಮೂರಕ್ಕೆ ತಂದುಕೊಂಡೆವು. ಕೆಲಸದಿಂದ ಸಂಜೆ ಮರಳುವ ಸೊಸೆಯಂದಿರು ಅದರಿಂದ ತಪ್ಪಿಹೋದರು. ಯಾರೂ ನಮಗೆ ಹೊರಗೆ ಹೋಗಬೇಡಿ ಎನ್ನಲಿಲ್ಲ. ಎದುರಿನ ದೀಪಗಳೇ ನಮ್ಮನ್ನು ಮನೆಯೊಳಗೆ ಕೂರಿಸಿದವು.

ಕಾನೂನು ಇಲ್ಲವೆಂದಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಒಂದು ಲೆಕ್ಕವಿದೆ: ದೀಪದಿಂದ ಎಂಟು ಮೀಟರ್ ದೂರದಲ್ಲಿ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿರುವ ಕಣ್ಣನ್ನು ಅದು ಕೋರೈಸಬಾರದು. ಒಂದೂವರೆ ಮೀಟರ್ ಎಂದರೆ ಹೆಚ್ಚುಕಡಿಮೆ ನಿಂತ ಹೆಂಗಸೊಬ್ಬಳ ಕಣ್ಣಿನ ಮಟ್ಟ. ಓದಿದಾಗ ನನ್ನನ್ನೇ ನಿಲ್ಲಿಸಿ ಅಳೆದು ಬರೆದಂತಿದೆ ಎನಿಸಿತು! ವಾಹನ ತಯಾರಿಸಿದವರ ಮೂಲ ವಿವರಕ್ಕೆ ವ್ಯತ್ಯಾಸವಾಗುವಂಥ ಮಾರ್ಪಾಡು ಕೂಡದೆಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಹೇಳಿತು. ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ವಿರುದ್ಧ 2024ರ ಜುಲೈಯಲ್ಲಿ ಕರ್ನಾಟಕದ ಪೊಲೀಸರು ರಾಜ್ಯದಾದ್ಯಂತ ಕೇಸು ಹಾಕಿದರು. ಆ ಸುದ್ದಿಯನ್ನು ಪತ್ರಿಕೆಯಿಂದ ಕತ್ತರಿಸಿ ಇಟ್ಟುಕೊಂಡಿದ್ದೇನೆ.

ಯಂತ್ರಗಳೂ ಮರ್ಯಾದೆ ಕಲಿಯುತ್ತಿವೆ. 2013ರಲ್ಲಿ ಜರ್ಮನಿಯ ಆಡಿ ಕಂಪನಿ ಹಲವು ಚಿಕ್ಕ ಎಲ್‌ಇಡಿಗಳಿಂದ ಕೂಡಿದ ದೀಪವನ್ನು ತಂದಿತು. ಎದುರು ವಾಹನ ಬಂದರೆ ಅದು ಇರುವ ಜಾಗಕ್ಕೆ ಬೀಳುವ ಬೆಳಕನ್ನಷ್ಟೇ ಕಾರು ತಾನಾಗಿ ತಗ್ಗಿಸಿ, ಉಳಿದ ರಸ್ತೆಯನ್ನು ಬೆಳಗುತ್ತದೆ. ಇಂಥ ದೀಪಗಳಿಗೆ ಅಮೆರಿಕ ಒಪ್ಪಿಗೆ ಕೊಟ್ಟದ್ದು 2022ರಲ್ಲಿ. ನಮ್ಮ ಊರಿನ ರಸ್ತೆಯ ಎಲ್ಲ ಗಾಡಿಗಳಿಗೂ ಅದು ಬರುವ ಹೊತ್ತಿಗೆ ನಾನು ಸ್ಕೂಟರ್ ಮುಟ್ಟುವ ವಯಸ್ಸಿನಲ್ಲಿರುವುದಿಲ್ಲ. ಅಲ್ಲಿಯವರೆಗೆ ಕೆಲಸ ನಮ್ಮ ಮನೆಗಳಲ್ಲೇ ಇದೆ. ಕಾರಿಗೋ ಬೈಕಿಗೋ ಹೊಸ ದೀಪ ಹಾಕಿಸಿದ್ದೇನೆ ಎಂದು ಮಗ ಬಂದು ತೋರಿಸಿದರೆ, ಚೆನ್ನಾಗಿದೆ ಕಣೋ ಎಂದು ಒಳಗೆ ಹೋಗಬೇಡಿ. ಕತ್ತಲಾದ ಮೇಲೆ ಗಾಡಿಯ ಮುಂದೆ ಎಂಟು ಹೆಜ್ಜೆ ದೂರ ಹೋಗಿ ನಿಂತು, ಡಿಪ್ ಮಾಡಿ ದೀಪ ಹಾಕಲು ಹೇಳಿ. ನಿಮ್ಮ ಕಣ್ಣು ಕುಕ್ಕದಿದ್ದರೆ ಸಂತೋಷ; ಸುತ್ತ ಬಳೆಯೂ ಇರಲಿ, ಬೇಡವೆಂದವರಾರು? ಕಣ್ಣು ಕುಕ್ಕಿದರೆ ಅವನನ್ನು ಕರೆದು ನೀವು ನಿಂತ ಜಾಗದಲ್ಲಿ ನಿಲ್ಲಿಸಿ. ಆಮೇಲೆ ಮೆಕ್ಯಾನಿಕ್ಕಿನ ಬಳಿಗೆ ಅವನೇ ಹೋಗುತ್ತಾನೆ.